ಬಾನುಲಿಯ ಹವ್ಯಾಸಿಗಳು

ದೆಹಲಿಯ ಪಟೇಲ್ ಚೌಕದ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದರೆ ಕೆಲವೇ ನಿಮಿಷಗಳ ನಡಿಗೆಯಲ್ಲಿ ಎರಡು ದೊಡ್ಡ ಕಟ್ಟಡಗಳು ಸಿಗುತ್ತವೆ. ಸಂಸತ್ ಮಾರ್ಗದಲ್ಲಿರುವುದು ಆಕಾಶವಾಣಿ ಭವನ. ಅಶೋಕ ರಸ್ತೆಯಲ್ಲಿರುವುದು ಸಂಚಾರ ಭವನ. ಮೊದಲನೆಯದು ಹೊತ್ತಿರುವ ಹೆಸರು ಮೈಸೂರಿನ ಒಂದು ಮನೆಯಲ್ಲಿ ಬಾನುಲಿಗೆ ಸಂದದ್ದು. ಎರಡನೆಯದು ದೂರಸಂಪರ್ಕ ಇಲಾಖೆಯ ನೆಲೆ. ಸ್ವಂತ ಮನೆಯಿಂದ ರೇಡಿಯೋ ಅಲೆಗಳನ್ನು ಹೊರಡಿಸಬಯಸುವ ಭಾರತೀಯನಿಗೆ ರಹದಾರಿ ಸಿಗಬೇಕಾದದ್ದು ಆ ಇಲಾಖೆಯಿಂದಲೇ. ಕಚೇರಿಗೆಂದು ಅವಸರದಿಂದ ಇವುಗಳ ಮುಂದೆ ಹಾದುಹೋಗುವ ಕನ್ನಡಿಗರು ನಮ್ಮಲ್ಲಿ ಅನೇಕರಿದ್ದಾರೆ. ಈ ಎರಡು ಕಟ್ಟಡಗಳ ನಡುವೆ ನಮಗೂ ಸಂಬಂಧಿಸಿದ ಒಂದು ಹಳೆಯ ಕಥೆ ಇದೆಯೆಂಬುದು ಬಹಳ ಮಂದಿಗೆ ತಿಳಿಯದು. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಅದನ್ನು ಜ್ಞಾಪಿಸಿಕೊಳ್ಳುವುದು ಉಚಿತವಾದೀತು.

ಅದು ಹವ್ಯಾಸಿಗಳ ಕಥೆ. ಹವ್ಯಾಸಿ ಎಂಬ ಮಾತು ನಮಗೆ ನಾಟಕದಿಂದ ಪರಿಚಿತವಾದದ್ದು. ಹಗಲೆಲ್ಲ ಕಚೇರಿಯ ಕಡತ ನೋಡಿ, ಸಂಜೆ ಬಣ್ಣ ಹಚ್ಚಿಕೊಂಡು, ಕೈಯಿಂದಲೇ ಖರ್ಚು ಮಾಡಿ ನಾಟಕವಾಡಿದವರು ಹವ್ಯಾಸಿಗಳು. ಕೈಲಾಸಂ ಅವರ ನಾಟಕಗಳು ಜನರ ಬಾಯಲ್ಲಿ ನಿಂತದ್ದು ಇಂಥವರಿಂದ. ಪರಸ್ಥಳದ ಕನ್ನಡ ಸಂಘಗಳೆಲ್ಲ ನಡೆಯುತ್ತಿರುವುದೂ ಇಂಥವರಿಂದಲೇ. ಆದರೂ ‘ಹವ್ಯಾಸಿ’ ಎಂದಾಗ ನಮ್ಮ ದನಿಯಲ್ಲಿ ಸ್ವಲ್ಪ ಉದಾಸೀನ ಇಣುಕುವುದುಂಟು. ವೃತ್ತಿಯವನಿಗಿಂತ ಒಂದು ಮೆಟ್ಟಿಲು ಕೆಳಗಿನವನು ಎಂಬ ಭಾವನೆ. ಬಾನುಲಿಯ ಇತಿಹಾಸ ಈ ಭಾವನೆಯನ್ನು ಚೆನ್ನಾಗಿ ತಿದ್ದುತ್ತದೆ. ಅಲ್ಲಿ ಮುಖ್ಯವಾದ ಕೆಲವು ದಾರಿಗಳನ್ನು ಮೊದಲು ಸವೆಸಿದವನು ಹವ್ಯಾಸಿ; ಇಲಾಖೆಗಳೂ ಕಂಪೆನಿಗಳೂ ಅವನ ಹಿಂದೆ ಬಂದವು.

೧೯೦೧ರ ಡಿಸೆಂಬರ್ ೧೨ರಂದು ಮಾರ್ಕೋನಿಯು ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಮೂರು ಚುಕ್ಕೆಗಳನ್ನು, ಎಂದರೆ ಮೋರ್ಸ್ ಸಂಕೇತದ ‘ಎಸ್’ ಅಕ್ಷರವನ್ನು, ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದೆನೆಂದು ಸಾರಿದನು. ಅಂದಿನಿಂದ ಉದ್ದ ಅಲೆಗಳಿಗೆ ಎಲ್ಲಿಲ್ಲದ ಬೆಲೆ ಬಂದಿತು. ಹಡಗಿನವರು, ಸೇನೆಯವರು, ಕಂಪೆನಿಯವರು ಅವುಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡರು. ಮನೆಯಲ್ಲಿ ಕುಳಿತು ಪ್ರಯೋಗ ಮಾಡುವ ಹುಡುಗರ ಕಾಟ ತಪ್ಪಿಸಲೆಂದು ೧೯೧೨ರಲ್ಲಿ ಅಮೆರಿಕದ ಸರ್ಕಾರ ಒಂದು ಕಾಯಿದೆ ಮಾಡಿ ಅವರನ್ನೆಲ್ಲ ೨೦೦ ಮೀಟರಿಗಿಂತ ಗಿಡ್ಡವಾದ ಅಲೆಗಳಿಗೆ ತಳ್ಳಿತು. ಅವು ದೂರ ಹೋಗಲಾರವು, ಪ್ರಯೋಜನಕ್ಕೆ ಬಾರವು ಎಂಬುದು ಆಗಿನ ಪಂಡಿತರ ನಂಬಿಕೆ. ತಿಪ್ಪೆಯ ಪಕ್ಕದ ಬಂಜರು ನೆಲವನ್ನು ಕಿರಿಯ ಮಗನ ಪಾಲಿಗೆ ಹಾಕಿದಂತಾಯಿತು. ಕಿರಿಯ ಮಗ ಅಲ್ಲಿ ಚಿನ್ನವನ್ನೇ ಬೆಳೆದನು. ೧೯೨೩ರ ನವೆಂಬರಿನಲ್ಲಿ ಫ್ರಾನ್ಸಿನ ಒಬ್ಬ ಹವ್ಯಾಸಿಯೂ ಅಮೆರಿಕದ ಒಬ್ಬ ಹವ್ಯಾಸಿಯೂ ಸುಮಾರು ೧೧೦ ಮೀಟರಿನ ಅಲೆಯಲ್ಲಿ ಸಾಗರದ ಎರಡು ದಡಗಳಿಂದ ಪರಸ್ಪರ ಮಾತನಾಡಿದರು. ಗಿಡ್ಡ ಅಲೆಗಳು ಮೇಲಿನ ಅಯಾನು ಮಂಡಲಕ್ಕೆ ತಗುಲಿ ಮತ್ತೆ ಭೂಮಿಗೆ ಬಾಗಿ, ಜಿಗಿದು ಜಿಗಿದು ಜಗತ್ತನ್ನೇ ಸುತ್ತಬಲ್ಲವೆಂಬುದು ಕ್ರಮೇಣ ತಿಳಿದುಬಂದಿತು. ತಳ್ಳಿದವರೇ ಆಮೇಲೆ ಓಡಿಬಂದು ಆ ಅಲೆಗಳಲ್ಲಿ ಪಾಲು ಕೇಳಿದರು.

ನಮ್ಮ ದೇಶದ ಮೊದಲ ಹವ್ಯಾಸಿಯೆಂದು ಹೆಸರಾದವರು ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು. ೧೯೨೧ರಲ್ಲಿ ಅವರಿಗೆ ‘೨ ಜೆಕೆ’ ಎಂಬ ಕರೆಗುರುತು ದೊರೆಯಿತು. ಹವ್ಯಾಸಿಗೆ ಕರೆಗುರುತೇ ಎರಡನೆಯ ನಾಮಕರಣ. ಗಾಳಿಯಲ್ಲಿ ಅವನನ್ನು ಗುರುತಿಸುವುದು ಅದರಿಂದ. ೧೯೨೯ರಿಂದ ಭಾರತದ ಕರೆಗುರುತುಗಳು ‘ವಿಯು’ ಎಂಬ ಎರಡು ಅಕ್ಷರಗಳಿಂದ ಮೊದಲಾದವು. ಇಂದಿಗೂ ಅದೇ ರೂಢಿ. ಆದರೆ ೧೯೩೦ರ ದಶಕದ ನಡುವಿನಲ್ಲಿಯೂ ಇಡೀ ದೇಶದಲ್ಲಿ ಇಂಥವರ ಸಂಖ್ಯೆ ಐವತ್ತನ್ನು ಮುಟ್ಟಿರಲಿಲ್ಲ. ಇದ್ದವರಲ್ಲಿ ಹೆಚ್ಚಿನವರು ಬ್ರಿಟಿಷ್ ಸೇನೆಯ ಅಧಿಕಾರಿಗಳು.

ಈ ಹೊತ್ತಿನಲ್ಲಿಯೇ ಮೈಸೂರು ರಂಗಕ್ಕೆ ಬರುತ್ತದೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿ ಬಂದವರು. ಅವರ ವೃತ್ತಿ ಮನಸ್ಸಿನ ಶಾಸ್ತ್ರ, ಹವ್ಯಾಸ ಬಾನುಲಿ. ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಅವರು ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ ೩೦ ವಾಟು. ಎಂದರೆ ನಮ್ಮ ಅಜ್ಜಿಯರ ಕಾಲದ ಅಡುಗೆಮನೆಯ ದೀಪದ ಬುರುಡೆಗಿಂತಲೂ ಕಡಿಮೆ. ಕರೆಗುರುತು ‘ವಿಯು ೬ ಎಎಚ್’. ನಿಲಯಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಪುರಾಣಗಳಲ್ಲಿ ಅಶರೀರವಾಣಿಗೆ ಸಂದಿದ್ದ ಮಾತು ಹೀಗೆ ಹೊಸ ಅರ್ಥವನ್ನು ಪಡೆಯಿತು. ದೆಹಲಿಯ ಸರ್ಕಾರಿ ಪ್ರಸಾರ ಸಂಸ್ಥೆಗೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಬಂದದ್ದು ೧೯೩೬ರ ಜೂನಿನಲ್ಲಿ. ಆ ಹೊತ್ತಿಗೆ ಮೈಸೂರಿನ ಆಕಾಶವಾಣಿಗೆ ಒಂಬತ್ತು ತಿಂಗಳು ತುಂಬುತ್ತ ಬಂದಿದ್ದವು!

ಮುಂದೆ ೨೫೦ ವಾಟಿನ ಯಂತ್ರ ಬಂದಿತು. ಸುಮಾರು ಆರು ವರ್ಷಗಳ ಕಾಲ ನಿಲಯವನ್ನು ಸಾಕಿ ಬೆಳೆಸಿದ ಮೇಲೆ, ೧೯೪೨ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ೧೯೫೦ರಲ್ಲಿ ಅದು ಕೇಂದ್ರದ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. ೧೯೫೫ರಲ್ಲಿ ಬೆಂಗಳೂರಿಗೆ ಹೋಯಿತು. ೧೯೫೦ರ ದಶಕದಲ್ಲಿಯೇ ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶದ ಪ್ರಸಾರಕ್ಕೆ ಅಂಕಿತವಾಯಿತು. ಕನ್ನಡ ವಾರ್ತೆಗಳು ದೆಹಲಿಯಿಂದಲೇ ಬಿತ್ತರವಾಗುತ್ತಿದ್ದ ವರ್ಷಗಳಲ್ಲಿ, ವಾರ್ತೆ ಓದುವವರು ದಿನವೂ ಮೊದಲು ಉಚ್ಚರಿಸುತ್ತಿದ್ದ ಮಾತು ಮೈಸೂರಿನ ಆ ಮನೆಯ ಹೆಸರೇ. ೨೦೨೩ರಲ್ಲಿ ಸಂಸ್ಥೆಯು ಇಂಗ್ಲಿಷಿನ ಹಳೆಯ ಹೆಸರನ್ನು ಬಿಟ್ಟು ‘ಆಕಾಶವಾಣಿ’ಯೊಂದನ್ನೇ ಉಳಿಸಿಕೊಂಡಿತು.

ಇದನ್ನು ಕೇಳಿ ಹೆಮ್ಮೆಪಡುವುದು ಸಹಜ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಹೆಸರು ದೇಶದ ಪಾಲಾಯಿತು. ನಿಲಯ ಊರಿನ ಕೈತಪ್ಪಿತು. ೧೯೫೫ರಿಂದ ೧೯೭೪ರವರೆಗೆ, ಆ ಹೆಸರಿನ ತವರಾದ ಮೈಸೂರಿನಲ್ಲಿಯೇ ಬಾನುಲಿ ನಿಲಯವಿರಲಿಲ್ಲ. ದೊಡ್ಡದು ಚಿಕ್ಕದನ್ನು ತನ್ನೊಳಗೆ ಸೇರಿಸಿಕೊಂಡಾಗ ಗೌರವವೂ ಲಭಿಸುತ್ತದೆ, ಕಳವಳವೂ ಉಂಟಾಗುತ್ತದೆ. ಊರು ಬಿಟ್ಟು ರಾಜಧಾನಿಗೆ ಬಂದ ನಮಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ.

ಹವ್ಯಾಸಿಗಳ ಕಥೆಗೆ ಮರಳೋಣ. ೧೯೩೯ರಲ್ಲಿ ಮಹಾಯುದ್ಧ ಆರಂಭವಾದೊಡನೆ ಸರ್ಕಾರ ಹೊಸ ರಹದಾರಿಗಳನ್ನು ನಿಲ್ಲಿಸಿತು; ಇದ್ದವರೆಲ್ಲ ತಮ್ಮ ಪ್ರಸಾರಕ ಯಂತ್ರಗಳನ್ನು ಪೊಲೀಸರಿಗೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಆಕಾಶ ಮೌನವಾಯಿತು. ಆದರೆ ೧೯೪೨ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಮುಂಬಯಿಯ ಉಷಾ ಮೆಹತಾ ಎಂಬ ಇಪ್ಪತ್ತೆರಡರ ತರುಣಿಯೂ ಅವರ ಗೆಳೆಯರೂ ಹವ್ಯಾಸಿಗಳ ವಿದ್ಯೆಯನ್ನೇ ಬಳಸಿ ಗುಪ್ತವಾಗಿ ‘ಕಾಂಗ್ರೆಸ್ ರೇಡಿಯೋ’ವನ್ನು ನಡೆಸಿದರು. ಇಂದು ಈ ಮನೆ, ನಾಳೆ ಆ ಮನೆ ಎಂದು ಯಂತ್ರವನ್ನು ಹೊತ್ತು ತಿರುಗಿದರು. ಆ ವರ್ಷದ ನವೆಂಬರ್ ೧೨ರಂದು ಪೊಲೀಸರು ಬಾಗಿಲು ಮುರಿದು ಒಳಗೆ ನುಗ್ಗುವವರೆಗೂ ಆ ದನಿ ನಿಲ್ಲಲಿಲ್ಲ. ಪರರಾಜ್ಯವು ಹವ್ಯಾಸಿಯ ಯಂತ್ರಕ್ಕೆ ಏಕೆ ಹೆದರಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೧೯೪೬ರಲ್ಲಿ ರಹದಾರಿಗಳು ಮತ್ತೆ ದೊರೆಯತೊಡಗಿದವು. ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ರ ಮೇ ೧೫ರಂದು, ಮಹೂ ಸೇನಾನೆಲೆಯ ಸಿಗ್ನಲ್ಸ್ ಶಾಲೆಯಲ್ಲಿ ಹವ್ಯಾಸಿಗಳ ಮೊದಲ ದೇಶೀಯ ಸಂಘ ಸ್ಥಾಪಿತವಾಯಿತು. ಮುಂದೆ ಅದರ ಕಚೇರಿ ನವದೆಹಲಿಗೆ ಬಂದು, ೧೯೫೪ರಲ್ಲಿ ‘ಅಮೆಚೂರ್ ರೇಡಿಯೋ ಸೊಸೈಟಿ ಆಫ್ ಇಂಡಿಯಾ’ ಎಂಬ ಹೆಸರನ್ನು ತಾಳಿತು. ಹೀಗೆ ಈ ನಗರ ಹವ್ಯಾಸಿಗಳಿಗೂ ರಾಜಧಾನಿಯಾಯಿತು.

ಅದೇ ೧೯೫೪ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿತು. ದೂರವಾಣಿ ಕಾರ್ಖಾನೆಯೂ ವಿಮಾನ ಕಾರ್ಖಾನೆಯೂ ಅಲ್ಲಿ ಆಗಲೇ ಇದ್ದವು. ಬೆಸುಗೆಯ ಕಡ್ಡಿ ಹಿಡಿಯಬಲ್ಲ ಸಾವಿರಾರು ಕೈಗಳು ಒಂದೇ ಊರಿನಲ್ಲಿ ಸೇರಿದ ಮೇಲೆ ಬಾನುಲಿಯ ಹವ್ಯಾಸ ಬೆಳೆಯದೆ ಇದ್ದೀತೆ? ೧೯೫೯ರಲ್ಲಿ ಬೆಂಗಳೂರು ಹವ್ಯಾಸಿ ರೇಡಿಯೋ ಕ್ಲಬ್ ರೂಪುಗೊಂಡಿತು. ೧೯೭೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತನ್ನ ಎರಡನೆಯ ಕಾರ್ಖಾನೆಯನ್ನು ತೆರೆದದ್ದು ನಮ್ಮ ನೆರೆಯ ಗಾಜಿಯಾಬಾದಿನಲ್ಲಿ. ಜಾಲಹಳ್ಳಿಗೂ ದೆಹಲಿಗೂ ಹೀಗೆ ಇನ್ನೊಂದು ಎಳೆ ಕೂಡಿಕೊಂಡಿತು.

ಆ ಕಾಲದ ಹವ್ಯಾಸಿಯ ಸಲಕರಣೆಗಳನ್ನು ಇಂದಿನ ಮಕ್ಕಳು ನೋಡಿದರೆ ನಕ್ಕಾರು. ಯುದ್ಧದಲ್ಲಿ ಉಳಿದು ಹರಾಜಾದ ಸೇನೆಯ ಗ್ರಾಹಕ ಯಂತ್ರಗಳು. ‘೮೦೭’ ಎಂಬ ದಪ್ಪ ವಾಲ್ವನ್ನು ಹಚ್ಚಿ ಮನೆಯಲ್ಲಿಯೇ ಕಟ್ಟಿದ ಪ್ರಸಾರಕ. ಹಿತ್ತಾಳೆಯ ಒಂದು ಕೀಲಿ. ಮಾಳಿಗೆಯ ಮೇಲೆ ಎರಡು ಬೊಂಬುಗಳ ನಡುವೆ ಎಳೆದ ತಾಮ್ರದ ತಂತಿ. ೨೦ ಮೀಟರಿನ ಅಲೆಗೆ ತಂತಿಯ ಉದ್ದ ಅದರ ಅರ್ಧ, ಸುಮಾರು ೧೦ ಮೀಟರು, ಇದ್ದರೆ ಸಾಕು. ನೋಡಿದವರು ಅದನ್ನು ಬಟ್ಟೆ ಒಣಗಿಸುವ ತಂತಿಯೆಂದೇ ತಿಳಿಯಬೇಕು! ಬಿಡಿಭಾಗಗಳಿಗೆ ಬೆಂಗಳೂರಿನವರು ಎಸ್. ಪಿ. ರಸ್ತೆಯನ್ನು ಸುತ್ತಿದಂತೆ, ದೆಹಲಿಯವರು ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರುಕಟ್ಟೆಯನ್ನು ಸುತ್ತಬೇಕು. ವಿದೇಶದ ಯಂತ್ರಗಳ ಬೆಲೆ ಕೈಗೆಟುಕುವಂತಿರಲಿಲ್ಲ. ೧೯೭೦ರ ವೇಳೆಗೂ ದೇಶದ ಹವ್ಯಾಸಿಗಳು ಒಂದು ಸಾವಿರವನ್ನು ತಲುಪಿರಲಿಲ್ಲ.

ಈ ಬಡ ಸಲಕರಣೆಗೆ ಒಪ್ಪುವ ಭಾಷೆ ಮೋರ್ಸ್ ಸಂಕೇತ. ಮಾತನ್ನು ಸಾಗಿಸಲು ಹೆಚ್ಚು ಶಕ್ತಿ ಬೇಕು. ಚುಕ್ಕೆ-ಗೆರೆಗಳಿಗೆ ಅಲ್ಪ ಶಕ್ತಿ ಸಾಕು. ಗದ್ದಲದ ನಡುವೆ ಮಾತು ಕಲಸಿಹೋಗುವಲ್ಲಿಯೂ ಒಂದೇ ಶ್ರುತಿಯ ಆ ಕೂಗು ಕಿವಿಗೆ ಸಿಗುತ್ತದೆ. ಅದರ ಕಾಲಮಾನ ನಮ್ಮ ಛಂದಸ್ಸು ಕಲಿತವರಿಗೆ ಹೊಸದೆನಿಸದು. ಚುಕ್ಕೆಗೆ ಒಂದು ಮಾತ್ರೆ; ಅದು ಲಘು. ಗೆರೆಗೆ ಎರಡಲ್ಲ, ಮೂರು ಮಾತ್ರೆ; ಆದ್ದರಿಂದ ಅದು ಗುರುವಲ್ಲ, ಪ್ಲುತ. ಅಕ್ಷರದೊಳಗಿನ ಬಿಡುವು ಒಂದು ಮಾತ್ರೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಪ್ಲುತವನ್ನು ಎಲ್ಲಿ ಬಳಸಬೇಕೆಂದು ನಮ್ಮ ವ್ಯಾಕರಣ ಹೇಳುತ್ತದೆ? ದೂರದಲ್ಲಿರುವವರನ್ನು ಕರೆಯುವಾಗ! ಹೊಲದ ಆಚೆ ಬದಿಯಲ್ಲಿರುವ ಅಣ್ಣನನ್ನು ಕೂಗುವಾಗ ಕೊನೆಯ ಸ್ವರವನ್ನು ಎಳೆಯುತ್ತೇವಲ್ಲ, ಆ ಮೂರು ಮಾತ್ರೆಯೇ ಸಾಗರದ ಆಚೆಯವರನ್ನು ಕರೆಯಲೂ ಒದಗಿತು. ‘ವಿಯು’ ಎಂಬ ಭಾರತದ ಗುರುತನ್ನು ಬಾರಿಸಿದರೆ ಮೂರು ಲಘು ಒಂದು ಪ್ಲುತ, ಬಳಿಕ ಎರಡು ಲಘು ಒಂದು ಪ್ಲುತ.

ಇದನ್ನು ಕಣ್ಣಿನಿಂದ ಕಲಿಯಬಾರದು, ಕಿವಿಯಿಂದ ಕಲಿಯಬೇಕು ಎಂಬುದು ಬಲ್ಲವರ ಮಾತು. ಚುಕ್ಕೆಗಳನ್ನು ಎಣಿಸುತ್ತ ಕುಳಿತವನು ನಿಮಿಷಕ್ಕೆ ನಾಲ್ಕಾರು ಪದಗಳನ್ನು ದಾಟಲಾರನು. ತಾಳದಂತೆ ಮೈಗೂಡಿಸಿಕೊಂಡವನು ಇಪ್ಪತ್ತು, ಮೂವತ್ತು ಪದಗಳನ್ನು ಬರೆದುಕೊಳ್ಳುತ್ತ ಹೋಗುತ್ತಾನೆ. ನುರಿತವರು ಕೀಲಿ ಒತ್ತುವ ಧಾಟಿಯಿಂದಲೇ ಆಚೆಯವನು ಯಾರೆಂದು ಹೇಳಬಲ್ಲರು. ಅಕ್ಷರಕ್ಕೆ ಕೈಬರಹವಿದ್ದಂತೆ ಮೋರ್ಸಿಗೂ ಒಂದು ಕೈಬರಹವುಂಟು. ಮಾತು ಮುಗಿದ ಮೇಲೆ ಎಲ್ಲರೂ ಹೇಳುವುದು ‘೭೩’. ಶುಭಾಶಯಗಳು ಎಂದು ಅದರ ಅರ್ಥ. ಆಮೇಲೆ ಮಾತುಕತೆ ನಡೆದದ್ದಕ್ಕೆ ಸಾಕ್ಷಿಯಾಗಿ ಪರಸ್ಪರ ಕಾರ್ಡುಗಳನ್ನು ಕಳುಹಿಸುವ ಪದ್ಧತಿ. ಹಳೆಯ ಹವ್ಯಾಸಿಯ ಮನೆಯ ಗೋಡೆಯೆಂದರೆ ಅಂಥ ಕಾರ್ಡುಗಳ ಭೂಪಟ.

ಇಲ್ಲಿ ಸ್ಪರ್ಧೆಯ ವಿಷಯವನ್ನೂ ಹೇಳಬೇಕು. ಏಕೆಂದರೆ ಇವುಗಳಲ್ಲಿ ಬಹು ದೊಡ್ಡದೊಂದು ನಮ್ಮ ರಾಜ್ಯೋತ್ಸವದ ತಿಂಗಳಿನಲ್ಲಿಯೇ ನಡೆಯುತ್ತದೆ. ‘ಸಿಕ್ಯೂ ವರ್ಲ್ಡ್ ವೈಡ್’ ಎಂಬ ಸ್ಪರ್ಧೆಯ ಮೋರ್ಸ್ ಭಾಗ ನವೆಂಬರಿನ ಕೊನೆಯ ಪೂರ್ಣ ಶನಿವಾರ-ಭಾನುವಾರಗಳಂದು ಬರುತ್ತದೆ. ಭಾರತದ ಗಡಿಯಾರದಲ್ಲಿ ಶನಿವಾರ ಬೆಳಗಿನ ೫-೩೦ಕ್ಕೆ ಆರಂಭ. ಸೋಮವಾರ ಬೆಳಗಿನ ೫-೩೦ಕ್ಕೆ ಮುಕ್ತಾಯ. ಒಟ್ಟು ೪೮ ಗಂಟೆ. ಜಗತ್ತನ್ನು ೪೦ ವಲಯಗಳಾಗಿ ಹಂಚಿದ್ದಾರೆ. ಭಾರತ ೨೨ನೆಯ ವಲಯದಲ್ಲಿದೆ. ದೆಹಲಿಯವನು ತನ್ನ ಕರೆಗುರುತನ್ನು ಬಾರಿಸಿ ‘೫೯೯ ೨೨’ ಎನ್ನುತ್ತಾನೆ. ಮೊದಲ ಮೂರು ಅಂಕಿಗಳೆಂದರೆ ‘ನಿನ್ನ ದನಿ ಚೆನ್ನಾಗಿ ಕೇಳುತ್ತಿದೆ’ ಎಂದು. ಉಳಿದೆರಡು ಅವನ ವಲಯ. ಒಂಬತ್ತನ್ನು ಪೂರ್ತಿ ಬಾರಿಸಲು ನಾಲ್ಕು ಗೆರೆ, ಒಂದು ಚುಕ್ಕೆ ಬೇಕು. ಸಮಯ ಉಳಿಸಲೆಂದು ಅದರ ಬದಲು ‘ಎನ್’ ಅಕ್ಷರದ ಒಂದು ಗೆರೆ, ಒಂದು ಚುಕ್ಕೆಯಿಂದಲೇ ಮುಗಿಸುವರು. ಆಚೆಯವನೂ ತನ್ನ ಅಂಕಿಗಳನ್ನು ಕೊಡುತ್ತಾನೆ. ಕೆಲವೇ ಕ್ಷಣಗಳಲ್ಲಿ ವ್ಯವಹಾರ ಮುಗಿದು ಮುಂದಿನವನ ಸರದಿ.

ಬೇರೆ ಖಂಡದವನು ಸಿಕ್ಕರೆ ಮೂರು ಅಂಕ, ಏಷ್ಯದ ಬೇರೆ ದೇಶದವನು ಸಿಕ್ಕರೆ ಒಂದು, ಸ್ವದೇಶದವನಿಗೆ ಸೊನ್ನೆ! ಈ ಅಂಕಗಳ ಮೊತ್ತವನ್ನು, ಒಂದೊಂದು ಅಲೆಯಲ್ಲಿ ಮುಟ್ಟಿದ ದೇಶಗಳ ಮತ್ತು ವಲಯಗಳ ಸಂಖ್ಯೆಯಿಂದ ಗುಣಿಸಬೇಕು. ಬೇರೆ ಖಂಡಗಳ ೩೦೦ ಮಂದಿ ಸಿಕ್ಕರೆ ೯೦೦ ಅಂಕ. ದೇಶ-ವಲಯಗಳು ಸೇರಿ ೮೦ ಆದರೆ ಲೆಕ್ಕ ೭೨,೦೦೦. ಆದ್ದರಿಂದ ಒಂದೇ ಕಡೆಗೆ ಕೂಗಿದರೆ ಸಾಲದು. ಹಗಲು ೧೦, ೧೫, ೨೦ ಮೀಟರುಗಳಲ್ಲಿ, ಇರುಳು ೪೦, ೮೦, ೧೬೦ ಮೀಟರುಗಳಲ್ಲಿ, ಸೂರ್ಯನ ಚಲನೆಯನ್ನು ಅನುಸರಿಸುತ್ತ ಜಗತ್ತನ್ನು ಅರಸಬೇಕು. ಇಲ್ಲಿ ಗೆಲ್ಲುವವನು ಜೋರಾಗಿ ಕೂಗುವವನಲ್ಲ, ಚೆನ್ನಾಗಿ ಕೇಳುವವನು. ಗದ್ದಲದ ತಳದಲ್ಲಿ ಕ್ಷೀಣವಾಗಿ ಕೂಗುತ್ತಿರುವ ಯಾವುದೋ ದ್ವೀಪದವನನ್ನು ಹೆಕ್ಕಿ ತೆಗೆಯುವ ಕಿವಿ ಅವನಿಗಿರಬೇಕು.

ಈ ಕಿವಿ ಆಟಕ್ಕೆ ಮಾತ್ರ ಸೀಮಿತವಾದುದಲ್ಲ. ೨೦೦೪ರ ಡಿಸೆಂಬರಿನಲ್ಲಿ ದೆಹಲಿಯ ಗೃಹಿಣಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ತಮ್ಮ ತಂಡದೊಡನೆ ಅಂಡಮಾನಿಗೆ ಹೋಗಿದ್ದರು. ಆ ದ್ವೀಪಗಳಿಂದ ಹವ್ಯಾಸಿ ಪ್ರಸಾರಕ್ಕೆ ಹಲವು ವರ್ಷಗಳ ಅನಂತರ ಅನುಮತಿ ದೊರೆತಿತ್ತು. ಜಗತ್ತಿನ ಹವ್ಯಾಸಿಗಳೆಲ್ಲ ಆ ಅಪರೂಪದ ಕರೆಗುರುತಿಗಾಗಿ ಕಾದಿದ್ದರು. ಡಿಸೆಂಬರ್ ೨೬ರ ಬೆಳಿಗ್ಗೆ ಭೂಮಿ ನಡುಗಿತು. ಸಮುದ್ರ ಉಕ್ಕಿ ಬಂದಿತು. ವಿದ್ಯುತ್ತು ಹೋಯಿತು, ದೂರವಾಣಿ ಸತ್ತಿತು. ಆಟಕ್ಕೆಂದು ಒಯ್ದಿದ್ದ ಯಂತ್ರಗಳನ್ನು ಪೋರ್ಟ್ ಬ್ಲೇರಿನಲ್ಲಿ ಮತ್ತೆ ಹೂಡಿ ಆ ತಂಡ ದ್ವೀಪದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು, ನಿಕೋಬಾರಿನೊಡನೆ ಕೊಂಡಿಯಾಯಿತು, ತಮ್ಮವರು ಬದುಕಿದ್ದಾರೆಯೇ ಎಂದು ತಲ್ಲಣಿಸುತ್ತಿದ್ದ ಕುಟುಂಬಗಳಿಗೆ ಉತ್ತರ ತಂದುಕೊಟ್ಟಿತು. ಹವ್ಯಾಸಿಯು ಈ ಸೇವೆಗೆ ಹಣ ಪಡೆಯುವಂತಿಲ್ಲ. ರಹದಾರಿಯ ನಿಯಮವೇ ಅದನ್ನು ಒಪ್ಪದು. ದೂರದೂರಿನಲ್ಲಿದ್ದು ಮನೆಯಿಂದ ಒಂದು ಮಾತಿಗಾಗಿ ಕಾಯುವುದು ಏನೆಂದು ಬಲ್ಲ ನಮ್ಮಂಥವರಿಗೆ ಇದರ ಬೆಲೆ ಬೇಗನೆ ಅರ್ಥವಾಗುತ್ತದೆ.

ಕಾಶ್ಮೀರಿ ಗೇಟಿನ ಬಳಿ ಒಂದು ಹಳೆಯ ತಂತಿ ಸ್ಮಾರಕವಿದೆ. ೧೮೫೭ರ ಮೇ ೧೧ರಂದು ಸಿಪಾಯಿಗಳು ದೆಹಲಿಯನ್ನು ಹೊಕ್ಕ ಸುದ್ದಿಯನ್ನು ಅಂಬಾಲಾಕ್ಕೆ ಕಳುಹಿಸಿದ ತಂತಿ ನೌಕರರ ನೆನಪಿಗೆ ಬ್ರಿಟಿಷರು ನಿಲ್ಲಿಸಿದ ಕಂಬ ಅದು. ಆಗ ತಂತಿ ಆಳುವವರ ಸ್ವತ್ತು. ಮುಂದೆ ಅದು ಎಲ್ಲರ ಮನೆಯ ಮಾತಾಯಿತು. ಬಾಗಿಲಲ್ಲಿ ‘ತಂತಿ’ ಎಂಬ ಕೂಗು ಕೇಳಿದರೆ ನಮ್ಮ ಹಿರಿಯರ ಎದೆ ಝಲ್ಲೆನ್ನುತ್ತಿತ್ತು. ಮೋರ್ಸ್ ಕೀಲಿಗಳು ತಂತಿ ಕಚೇರಿಗಳಿಂದ ಮೊದಲೇ ಮರೆಯಾಗಿದ್ದವು. ೨೦೧೩ರ ಜುಲೈ ೧೪ರ ರಾತ್ರಿ ಆ ಸೇವೆಯೇ ಮುಗಿಯಿತು. ಜನಪಥದ ಕೇಂದ್ರ ತಂತಿ ಕಚೇರಿಯಲ್ಲಿ ಕೊನೆಯ ತಂತಿ ಕಳುಹಿಸಲು ಜನ ಸಾಲುಗಟ್ಟಿ ನಿಂತರು. ಅದಕ್ಕೂ ಮೊದಲು, ೨೦೦೩ರಲ್ಲಿ, ಹವ್ಯಾಸಿಗಳಿಗೆ ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮವೂ ಸಡಿಲಾಗಿತ್ತು. ಕಚೇರಿ ಬಿಟ್ಟ ವಿದ್ಯೆಯನ್ನು ಇಂದು ಪ್ರೀತಿಯಿಂದ ಉಳಿಸಿಕೊಂಡಿರುವವರಲ್ಲಿ ಮೊದಲಿಗನು ಹವ್ಯಾಸಿ.

ಅವನಿಗೆ ನಾವು ಬಿಟ್ಟುಕೊಟ್ಟಿರುವ ಜಾಗ ಮಾತ್ರ ಕಿರಿದಾಗುತ್ತಿದೆ. ನೊಯಿಡಾ, ಗುರುಗ್ರಾಮಗಳ ಬಹುಮಹಡಿ ಮನೆಗಳಲ್ಲಿ ಮಾಳಿಗೆ ಯಾರೊಬ್ಬರದೂ ಅಲ್ಲ. ಹತ್ತು ಮೀಟರಿನ ತಂತಿಗೂ ಹತ್ತು ಜನರ ಒಪ್ಪಿಗೆ ಬೇಕು. ಎಲ್ಇಡಿ ದೀಪಗಳೂ ಇನ್ವರ್ಟರುಗಳೂ ಗಿಡ್ಡ ಅಲೆಗಳಲ್ಲಿ ಸದಾ ಕರಕರ ಸದ್ದು ಹರಡುತ್ತವೆ. ಕೈಯಲ್ಲಿ ಮೊಬೈಲು ಇರುವಾಗ ಇದೆಲ್ಲ ಏಕೆಂದು ಮಕ್ಕಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಮೊಬೈಲಿನ ಕಂಬ ಬಿದ್ದ ದಿನ ಅದಕ್ಕೆ ಉತ್ತರ ಸಿಗುತ್ತದೆ. ಆದರೆ ಮೋರ್ಸ್ ಆ ಒಂದೇ ದಿನದಲ್ಲಿ ಕಲಿಯಬಹುದಾದ ವಿದ್ಯೆಯಲ್ಲ. ಭಾಷೆಯ ಮಾತೂ ಹೀಗೆಯೇ. ಬೇಕಾದಾಗ ಕಲಿತರಾಯಿತು ಎಂದು ಬಿಟ್ಟ ಕನ್ನಡ, ಬೇಕಾದ ದಿನ ನಾಲಿಗೆಗೆ ಬಾರದು.

ಈ ನವೆಂಬರಿನ ಕೊನೆಯ ಶನಿವಾರ-ಭಾನುವಾರಗಳಂದು, ಮನೆಯಲ್ಲಿ ಗಿಡ್ಡ ಅಲೆಗಳ ಹಳೆಯ ಗ್ರಾಹಕವೇನಾದರೂ ಅಟ್ಟದ ಮೇಲಿದ್ದರೆ ಕೆಳಗಿಳಿಸಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮುಳ್ಳನ್ನು ನಿಧಾನವಾಗಿ ತಿರುಗಿಸಿ ನೋಡಿರಿ. ಸಾಮಾನ್ಯ ರೇಡಿಯೋದಲ್ಲಿ ಮೋರ್ಸ್ ಇಂಪಾದ ಸ್ವರವಾಗಿ ಕೇಳದೆ, ಬರಿಯ ಉಸಿರಿನಂತೆ ತಡೆತಡೆದು ಕೇಳೀತು. ಆ ಉಸಿರು ಯಾರದೋ ಮನೆಯಿಂದ, ಯಾರದೋ ಬೆರಳಿನಿಂದ ಹೊರಟದ್ದು. ಮೂವತ್ತು ವಾಟಿನ ಒಂದು ಮನೆಯ ದನಿ ಈ ದೇಶದ ಆಕಾಶಕ್ಕೆ ಹೆಸರು ಕೊಟ್ಟ ಕಥೆಯನ್ನು ಆಗ ಮಕ್ಕಳಿಗೆ ಹೇಳಬಹುದು. ಸಂಘದ ವಾಚಕರೆಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು. ಹವ್ಯಾಸಿಗಳ ಮಾತಿನಲ್ಲಿ ಹೇಳುವುದಾದರೆ, ೭೩.